ಉಪಗ್ರಹ ಇಂಟರ್ನೆಟ್ ಇಳಿಯುವ ನೆಲ



ಉಪಗ್ರಹ ಇಂಟರ್ನೆಟ್ಟಿಗೆ ಗಡಿಯ ಹಂಗಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ. ನಾನದನ್ನು ಒಪ್ಪುವುದಿಲ್ಲ. ಮನೆಯ ಮಾಳಿಗೆಯ ಡಿಶ್‌ನಿಂದ ಹೊರಟ ಸಂದೇಶ ಉಪಗ್ರಹವನ್ನು ಮುಟ್ಟಿದ ಮೇಲೂ ಎಲ್ಲೋ ಒಂದು ಗೇಟ್‌ವೇಗೆ, ಅಂದರೆ ಭೂಕೇಂದ್ರಕ್ಕೆ ಇಳಿದು, ಅಲ್ಲಿಂದ ಫೈಬರ್ ಹಿಡಿದೇ ಮುಂದೆ ಹೋಗಬೇಕು. ಆ ಗೇಟ್‌ವೇ ಯಾರ ನೆಲದಲ್ಲಿದೆಯೋ ಅವರ ಕಾನೂನು ಅದರ ಮೇಲೆ ನಡೆಯುತ್ತದೆ.

ಒನ್‌ವೆಬ್ ಕಂಪನಿಯ ಉಪಗ್ರಹಗಳನ್ನೇ ನೋಡಿ. 2022 ಮತ್ತು 2023ರಲ್ಲಿ ಅವುಗಳಲ್ಲಿ 72ನ್ನು ನಮ್ಮ ಎಲ್‌ವಿಎಂ3 ರಾಕೆಟ್ಟುಗಳೇ ಶ್ರೀಹರಿಕೋಟಾದಿಂದ ಹೊತ್ತೊಯ್ದವು. ಸುಮಾರು 1,200 ಕಿ.ಮೀ. ಎತ್ತರದಲ್ಲಿರುವ ಈ ಮೊದಲ ತಲೆಮಾರಿನ ಉಪಗ್ರಹಗಳು ಪರಸ್ಪರ ಮಾತಾಡುವುದಿಲ್ಲ. ಹಾಗಾಗಿ ಬಳಕೆದಾರರೂ ಗೇಟ್‌ವೇಯೂ ಒಂದೇ ಉಪಗ್ರಹದ ಕಣ್ಣಳತೆಯಲ್ಲಿ ಇರಲೇಬೇಕು. ಸುಮಾರು 550 ಕಿ.ಮೀ. ಎತ್ತರದ ಸ್ಟಾರ್‌ಲಿಂಕ್ ಉಪಗ್ರಹಗಳ ರೀತಿ ಬೇರೆ. ಅವು ಲೇಸರ್ ಕಿರಣಗಳ ಮೂಲಕ ಸಂದೇಶವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಸಾವಿರಾರು ಕಿ.ಮೀ. ಆಚೆ ಇಳಿಸಬಲ್ಲವು. ಎಲ್ಲಿ ಇಳಿಸಬೇಕೆಂದು ಅಲ್ಲಿ ತೀರ್ಮಾನಿಸುವುದು ಕಂಪನಿಯ ಸಾಫ್ಟ್‌ವೇರ್. ನಮ್ಮ ಚರ್ಚೆಯ ಗಂಟು ಇರುವುದು ಇಲ್ಲೇ.

1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿ ಕಂಪನಿಯ ಅಂತರಿಕ್ಷ ಚಟುವಟಿಕೆಗೂ ಅದರ ದೇಶವೇ ಹೊಣೆ. ಆಯಾ ದೇಶದ ಪರವಾನಗಿ ಇಲ್ಲದೆ ಅಲ್ಲಿಂದ ಉಪಗ್ರಹಕ್ಕೆ ಸಂಕೇತ ಕಳಿಸುವಂತಿಲ್ಲ ಎನ್ನುತ್ತದೆ ಐಟಿಯು, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಈ ನಿಯಮವನ್ನೇ ಹಿಡಿದು ಇರಾನ್ ಸ್ಟಾರ್‌ಲಿಂಕ್ ಸೇವೆಯ ಬಗ್ಗೆ ದೂರು ಕೊಟ್ಟಾಗ, ಐಟಿಯುವಿನ ಮಂಡಳಿ 2023ರಲ್ಲಿ ಇರಾನಿನ ವಾದವನ್ನು ಎತ್ತಿಹಿಡಿದು, ನಿಯಮ ಪಾಲಿಸುವಂತೆ ಅಮೆರಿಕ ಮತ್ತು ನಾರ್ವೆಗೆ ಸೂಚಿಸಿತು. ಆದರೆ ದಂಡ ವಿಧಿಸುವ ಅಧಿಕಾರ ಐಟಿಯುವಿಗಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಇರಾನಿನಲ್ಲಿ ಸ್ಟಾರ್‌ಲಿಂಕ್ ಡಿಶ್‌ಗಳನ್ನು ಕದ್ದುಮುಚ್ಚಿ ಬಳಸುತ್ತಿದ್ದವರಲ್ಲಿ, ಸರ್ಕಾರವೇ ಇಂಟರ್ನೆಟ್ ಕಡಿದು ಹಾಕಿದ್ದರಿಂದ ದಿಕ್ಕುಗಾಣದೆ ಹೋದ ಜನರೂ ಇದ್ದರು.

2025ರ ಮೇ ತಿಂಗಳಲ್ಲಿ ಭಾರತದ ದೂರಸಂಪರ್ಕ ಇಲಾಖೆಯೂ ಉಪಗ್ರಹ ಇಂಟರ್ನೆಟ್ಟಿಗೆ ಬಿಗಿ ಷರತ್ತುಗಳನ್ನು ಹಾಕಿತು. ಭಾರತದ ಬಳಕೆದಾರರ ಸಂಪರ್ಕ ಭಾರತದ ಗೇಟ್‌ವೇ ಮೂಲಕವೇ ಹಾಯಬೇಕು. ಭೂಗಡಿಯಿಂದ 50 ಕಿ.ಮೀ. ಒಳಗಿನ ಪ್ರದೇಶ ವಿಶೇಷ ನಿಗಾ ವಲಯ. ಮಣಿಪುರದಲ್ಲಿ 2024ರ ಡಿಸೆಂಬರಿನಲ್ಲಿ ಶಸ್ತ್ರಾಸ್ತ್ರಗಳ ಜೊತೆ ಸ್ಟಾರ್‌ಲಿಂಕ್ ಗುರುತಿದ್ದ ಉಪಕರಣ ಸಿಕ್ಕಿದ್ದನ್ನು ಬಲ್ಲವರು ಈ ಷರತ್ತುಗಳ ಹಿಂದಿನ ಭದ್ರತೆಯ ಆತಂಕವನ್ನು ಹಗುರವಾಗಿ ಕಾಣಲಾರರು. ಷರತ್ತು ನ್ಯಾಯವಾದದ್ದೇ ಎಂಬುದು ನನ್ನ ನಿಲುವು.

ಆದರೆ ನಿಗಾ ಇಡಲು ಒದಗುವ ಗೇಟ್‌ವೇಯೇ ಸಂಪರ್ಕವನ್ನು ಪೂರ್ತಿ ಮುಚ್ಚಲೂ ಒದಗುತ್ತದೆ. ಇಂಟರ್ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. 2024ರ ನಿಯಮಗಳು ಅಂಥ ಆದೇಶಕ್ಕೆ 15 ದಿನಗಳ ಮಿತಿ ಹಾಕಿವೆ. ಉಪಗ್ರಹದ ಗೇಟ್‌ವೇಗೂ ಈ ಕಟ್ಟುಪಾಡು ಒಂದಿಷ್ಟೂ ಸಡಿಲವಾಗದೆ ಅನ್ವಯಿಸಬೇಕು.

ಕಾನೂನಿನವರೂ ಎಂಜಿನಿಯರುಗಳೂ ಇಂದು ಒಂದೇ ಸಭೆಯಲ್ಲಿದ್ದೀರಿ. ಸಂದೇಶ ಇಳಿದ ಜಾಗದ ದಾಖಲೆಯನ್ನು ಯಾರು ಇಡಬೇಕು, ಎಷ್ಟು ಕಾಲ ಇಡಬೇಕು? ಗಡಿ ವಲಯದಲ್ಲಿ ವಾಸಿಸುವ ರೈತರೊಬ್ಬರ ಸಂಪರ್ಕ ಕಡಿದರೆ ಅವರು ಯಾರ ಬಳಿ ದೂರು ಕೊಡಬೇಕು? ಈ ಪ್ರಶ್ನೆಗಳಿಗೆ ಕರಡು ನಿಯಮದ ರೂಪದಲ್ಲೇ ಉತ್ತರ ಬರೆಯಬೇಕೆಂದು ಕೋರಿ, ಗೋಷ್ಠಿಯನ್ನು ನಿಮಗೆ ಒಪ್ಪಿಸುತ್ತೇನೆ.