ಪುಸ್ತಕವೂ ಹೊಲದವರೆಗೆ ಬರಲಿ
(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಿಂದ ಬಂದಿರುವ ತಮ್ಮೆದುರು ಇಂದು ನಾನು ಮಾತನಾಡಬೇಕೆಂದಿರುವುದು ವಿಶ್ವವಿದ್ಯಾಲಯಗಳು ಅಚ್ಚು ಹಾಕುವ ಪುಸ್ತಕಗಳ ಬಗ್ಗೆ. ಬೇಸಾಯಶಾಸ್ತ್ರ ಕಲಿಸುವವನಿಗೆ ಪುಸ್ತಕ ಪ್ರಚಾರದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಅದಕ್ಕೆ ಉತ್ತರ ತೊಗರಿ ಹೊಲದಲ್ಲಿದೆ.

ನಮ್ಮ ಭಾಗದ ತೊಗರಿಗೆ ಎರಡು ದೊಡ್ಡ ರೋಗಗಳು. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಗಿಡ ನಿಂತಲ್ಲೇ ಒಣಗುತ್ತದೆ. ಗೊಡ್ಡು ರೋಗ ನಂಜಾಣುವಿನಿಂದ ಬರುವಂಥದು. ಬರಿಗಣ್ಣಿಗೆ ಕಾಣದ ನುಸಿ ಅದನ್ನು ಹರಡುತ್ತದೆ. ಆಗ ಗಿಡ ಪೊದೆಯಂತೆ ಬೆಳೆದರೂ ಹೂ ಬಿಡದು, ಕಾಯಿ ಕಟ್ಟದು. ಕಲಬುರಗಿ ಸಂಶೋಧನಾ ಕೇಂದ್ರದ ಟಿ.ಎಸ್.-3ಆರ್ ತಳಿ ನೆಟೆ ರೋಗವನ್ನು ತಡೆದುಕೊಳ್ಳುತ್ತದೆ, ಗೊಡ್ಡು ರೋಗವನ್ನು ತಡೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿ ಈ ಎರಡು ಮಾತೂ ಇರುತ್ತವೆ. ಆದರೆ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ "ರೋಗ ಬರದ ತೊಗರಿ" ಎಂಬುದಷ್ಟೇ ಉಳಿಯುತ್ತದೆ. ಹೊಲ ಗೊಡ್ಡು ಬಿದ್ದ ವರ್ಷ ರೈತ ತಳಿಯನ್ನೂ ಬೈಯುತ್ತಾನೆ, ತಳಿ ಕೊಟ್ಟವರನ್ನೂ ಬೈಯುತ್ತಾನೆ. ಬೀಜ ಊರು ಮುಟ್ಟಿತು, ಬೀಜದ ಜೊತೆ ಹೋಗಬೇಕಾಗಿದ್ದ ಅರ್ಧ ಮಾತು ದಾರಿಯಲ್ಲೇ ಉಳಿಯಿತು.

ಈ ಅರ್ಧ ಮಾತನ್ನು ಮುಟ್ಟಿಸುವ ಕೆಲಸಕ್ಕೆ ಕನ್ನಡ ನಾಡಿನ ವಿಶ್ವವಿದ್ಯಾಲಯಗಳಲ್ಲಿ ಒಂದು ಒಳ್ಳೆಯ ಹೆಸರಿದೆ: ಪ್ರಸಾರಾಂಗ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಕುವೆಂಪು ಅವರು ಬೋಧನೆ, ಸಂಶೋಧನೆಗಳ ಜೊತೆಗೆ ಪ್ರಸಾರವನ್ನೂ ವಿಶ್ವವಿದ್ಯಾಲಯದ ಒಂದು ಅಂಗವೆಂದೇ ಎಣಿಸಿದರು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಬೋಧನೆ, ಸಂಶೋಧನೆ, ವಿಸ್ತರಣೆ ಎಂದು ಹೇಳುವುದೂ ಇದನ್ನೇ ಅಲ್ಲವೆ? ಅದಕ್ಕೂ ಮುಂಚೆ, 1930ರ ದಶಕದಲ್ಲಿಯೇ, ಮೈಸೂರಿನವರು ಊರೂರಿಗೆ ಉಪನ್ಯಾಸಕರನ್ನು ಕಳುಹಿಸಿ, ಆ ಮಾತುಗಳನ್ನು ಕಿರುಹೊತ್ತಿಗೆಗಳಾಗಿ ಅಚ್ಚು ಹಾಕಿಸಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕವಿ ಚೆನ್ನವೀರ ಕಣವಿ ಅವರು 1956ರಿಂದ 1983ರವರೆಗೆ ಪ್ರಸಾರಾಂಗದಲ್ಲಿ ದುಡಿದು ಇದೇ ದಾರಿಯನ್ನು ಮುಂದುವರಿಸಿದರು. ಮೊದಲು ಊರಿನಲ್ಲಿ ಮಾತು, ಆಮೇಲೆ ಪುಸ್ತಕ. ಈ ಕ್ರಮ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಜನ ಎದ್ದು ಪ್ರಶ್ನೆ ಕೇಳಿದ ಮೇಲೆ ಬರೆದ ಪುಸ್ತಕಕ್ಕೂ ಕೊಠಡಿಯಲ್ಲಿ ಕುಳಿತು ಬರೆದದ್ದಕ್ಕೂ ವ್ಯತ್ಯಾಸವಿರುತ್ತದೆ.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದ ಮೇಲೆ ನಮ್ಮ ಭಾಗಕ್ಕೂ ಒಂದು ಪ್ರಸಾರಾಂಗವಾಯಿತು. ಅದು ರಾಜ್ಯೋತ್ಸವದ ಹೆಸರಿನಲ್ಲಿ ಪುಸ್ತಕ ಬಹುಮಾನಗಳನ್ನು ಕೊಟ್ಟು ಇಲ್ಲಿಯ ಲೇಖಕರ ಹೆಸರನ್ನು ನಾಡಿಗೆ ತಿಳಿಸಿದೆ. ಬೇಸಾಯದ ಪುಸ್ತಕಗಳಾದರೋ ಮೊದಲು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ, 1986ರ ನಂತರ ಧಾರವಾಡದಿಂದ, ಈಗ ರಾಯಚೂರಿನಿಂದ ಬರುತ್ತಿವೆ.

ಪುಸ್ತಕಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅವುಗಳನ್ನು ತೋರಿಸುವ ರೀತಿಯಲ್ಲಿ. ನಾವು ಪುಸ್ತಕವನ್ನು ವೇದಿಕೆಯ ಮೇಲೆ ಬಿಡುಗಡೆ ಮಾಡುತ್ತೇವೆ, ಲೇಖಕರಿಗೆ ಶಾಲು ಹೊದಿಸುತ್ತೇವೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಉಳಿದ ಪ್ರತಿಗಳು ಕಟ್ಟು ಬಿಚ್ಚದೆ ಉಗ್ರಾಣ ಸೇರುತ್ತವೆ. (ಹೀಗೆಂದರೆ ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಸಿಟ್ಟು ಬಂದೀತು, ಬರಲಿ.) ಅತ್ತ ಔಷಧ ಅಂಗಡಿಯ ಬಣ್ಣದ ಚೀಟಿಯನ್ನು ನೋಡಿ. ಬೇಕಾದ ದಿನ, ಬೇಕಾದ ಜಾಗದಲ್ಲಿ, ಬಿಟ್ಟಿಯಾಗಿ ಕೈಗೆ ಬರುತ್ತದೆ. ಹಳ್ಳಿಯಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವ ಕೃಷಿ ಸಾಹಿತ್ಯ ಅದೇ ಎಂದರೆ ತಪ್ಪಾಗಲಾರದು. ಔಷಧ ಬೇಡವೆಂದು ಮಾತ್ರ ಆ ಚೀಟಿ ಎಂದೂ ಹೇಳುವುದಿಲ್ಲ.

ಹಾಗೆಂದು ವಿಶ್ವವಿದ್ಯಾಲಯದ ಪುಸ್ತಕವೆಲ್ಲವೂ ನಮ್ಮ ಹೊಲಕ್ಕೆ ಒಗ್ಗುತ್ತದೆಂದೂ ಅಲ್ಲ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರಗಳ ಎರೆ ಭೂಮಿಗೆ ಹರಿಯತೊಡಗಿತು. ಭತ್ತ ಹೆಚ್ಚಿತು, ತಗ್ಗಿನ ಹೊಲಗಳಲ್ಲಿ ಸವಳು ಕಾಣಿಸಿಕೊಂಡಿತು. ಆಗ ಯಾವುದೋ ಪುಸ್ತಕದಲ್ಲಿ "ಜಿಪ್ಸಂ ಹಾಕಿ" ಎಂದು ಓದಿದರೆ ಸಾಲದು. ಜಿಪ್ಸಂ ಬೇಕಾಗುವುದು ಕ್ಷಾರ ಭೂಮಿಗೆ. ಅಂಥ ಭೂಮಿಯ ರಸಸಾರ ಸಾಮಾನ್ಯವಾಗಿ 8.5ಕ್ಕಿಂತ ಹೆಚ್ಚಿರುತ್ತದೆ. ಬರೀ ಉಪ್ಪು ಸೇರಿ ಸವಳಾದ ಹೊಲಕ್ಕೆ ಬೇಕಾದದ್ದು ಬಸಿಗಾಲುವೆ, ಮತ್ತು ಉಪ್ಪನ್ನು ತೊಳೆದು ಹೊರಹಾಕಲು ಒಳ್ಳೆಯ ನೀರು. ಅಲ್ಲಿ ಜಿಪ್ಸಂ ಹಾಕಿದರೆ ರೊಕ್ಕ ಮಣ್ಣುಪಾಲು. ಆದ್ದರಿಂದ ಪುಸ್ತಕ ಪ್ರಚಾರ ಮಾಡುವವರು ಲೇಖಕರ ಪದವಿಗಳನ್ನು ಹೇಳುವುದಕ್ಕಿಂತ ಮೊದಲು ಇದು ಯಾವ ಮಣ್ಣಿಗೆ ಬರೆದದ್ದು, ಪ್ರಯೋಗ ನಡೆದದ್ದು ಎಲ್ಲಿ, ನೀರಾವರಿಗೋ ಒಣಬೇಸಾಯಕ್ಕೋ ಎಂಬುದನ್ನು ಹೇಳಬೇಕು. ಬೀಜದ ಚೀಲದ ಮೇಲೆ ಇಷ್ಟು ವಿವರ ಕೇಳುವ ತಾವು ಪುಸ್ತಕದ ಮೇಲೂ ಕೇಳಿ.

ಲೇಖಕರ ಹೆಸರಿನ ಜೊತೆಗೆ ಇನ್ನೊಂದು ಹೆಸರೂ ಬರಬೇಕೆಂದು ನನ್ನ ಅಭಿಪ್ರಾಯ. 1997–98ರಲ್ಲಿ ಕಾಯಿಕೊರಕ ಹುಳು ಈ ಸೀಮೆಯ ತೊಗರಿಯನ್ನು ತಿಂದುಹಾಕಿದ್ದನ್ನು ಹಿರಿಯರು ಮರೆತಿಲ್ಲ. ಗಿಡದ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ ಹುಳು ಉದುರಿಸುವ ಉಪಾಯ ಇಂದು ವಿಜ್ಞಾನಿಗಳ ಶಿಫಾರಸಿನಲ್ಲಿದೆ. ಆದರೆ ಅದು ಮೂಲತಃ ರೈತರದೇ ಪದ್ಧತಿ. ಹೀಗೆ ರೈತರಿಂದ ಕಲಿತದ್ದನ್ನು ಬರೆಯುವಾಗ ಯಾವ ಊರಿನವರಿಂದ ಕಲಿತೆವು ಎಂದು ಒಂದು ಸಾಲು ಸೇರಿಸಿದರೆ, ಆ ಊರಿನಲ್ಲಿ ಪುಸ್ತಕಕ್ಕೆ ಬೇರೆ ಪ್ರಚಾರವೇ ಬೇಡ.

ಇನ್ನು ಕಾಲದ ಮಾತು. ಲೆಕ್ಕಪತ್ರದ ವರ್ಷ ಮುಗಿಯುವ ಮಾರ್ಚಿನಲ್ಲಿ ಪುಸ್ತಕ ತರುವ ರೂಢಿ ನಮಗೆ ಬೇಡ. ತೊಗರಿಯ ಪುಸ್ತಕ ಮೇ ತಿಂಗಳಲ್ಲಿ, ಮುಂಗಾರಿ ಬೀಜ ಮಾರುವ ರೈತ ಸಂಪರ್ಕ ಕೇಂದ್ರದ ಮೇಜಿನ ಮೇಲೆಯೇ ಇರಬೇಕು. ಹಿಂಗಾರಿ ಬಿಳಿಜೋಳದ್ದು ಗಣೇಶ ಚೌತಿಗೆ ಮುಂಚೆ ಬರಬೇಕು. ವಿಸ್ತರಣಾ ಕಾರ್ಯಕರ್ತರು ಸಂಜೆ ಕಟ್ಟೆಯ ಮೇಲೆ ನಾಲ್ಕು ಪುಟ ಗಟ್ಟಿಯಾಗಿ ಓದಲಿ; ಓದು ಬಾರದವರೂ ಕೇಳಿ ತಿದ್ದುತ್ತಾರೆ. ಸಾಧ್ಯವಾದ ಕಡೆ ಲೇಖಕರನ್ನೇ ಹೊಲಕ್ಕೆ ಕರೆಸಿ. ಬರಲು ಒಪ್ಪದ ಲೇಖಕರ ಪುಸ್ತಕ ಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಿ.

ತಮ್ಮ ಹೊಲದಲ್ಲಿ ಪುಸ್ತಕದ ಮಾತು ಸುಳ್ಳಾದರೆ ಸುಮ್ಮನಿರಬೇಡಿ. ಊರು, ಮಣ್ಣು, ತಳಿ, ಬಿತ್ತಿದ ದಿನ, ಬಿದ್ದ ಮಳೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಕ್ಕೋ ಕೊಡಿ. ಮರುಮುದ್ರಣಕ್ಕೆ ಮುಂಚೆ ಆ ಹಾಳೆ ಲೇಖಕರ ಮೇಜಿಗೆ ತಲುಪಿದರೆ ಸಾಕು.