ಹೊದಿಕೆ ಬಿಚ್ಚಿಡಬೇಕೆ, ಹಾಗೆಯೇ ಇಡಬೇಕೆ?



ಸಿಗಾರನ್ನು ನಾನು ಬಾಯಿಗಿಟ್ಟವನಲ್ಲ. ಅದರಿಂದ ಬಾಯಿಗೂ ಗಂಟಲಿಗೂ ಒದಗುವ ಕೇಡನ್ನು ವೈದ್ಯರು ಹೇಳಿಯೇ ಇದ್ದಾರೆ. ಆದರೂ ಅದನ್ನು ಕೂಡಿಟ್ಟು ಕಾಪಾಡುವವರ ನಡುವಣ ಒಂದು ವಾದ ನನಗೆ ಬಹುಕಾಲದಿಂದ ಕುತೂಹಲದ ವಿಷಯ: ಸಿಗಾರಿನ ಮೇಲಣ ತೆಳುಹಾಳೆಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಡಬೇಕೆ, ಇಲ್ಲವೆ ಹಾಗೆಯೇ ಇಡಬೇಕೆ?

ಮೊದಲು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಿಗಾರಿಗೆ ಹೊದಿಕೆಗಳು ಎರಡು. ಒಳಗಿನ ಹೂರಣದೆಲೆ, ಅದನ್ನು ಬಿಗಿಯುವ ಕಟ್ಟೆಲೆ, ಇವುಗಳ ಮೇಲೆ ನುಣುಪಾದ ಹೊರ ಎಲೆ. ಈ ಹೊರ ಎಲೆ ಸಿಗಾರಿನ ಚರ್ಮ. ಅದನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ. ವಾದವೆಲ್ಲ ಅದರ ಮೇಲೆ ತೊಡಿಸಿದ ಸೆಲೋಫೇನಿನ ಅಂಗಿಯದು.

ಸೆಲೋಫೇನನ್ನು 1908ರಲ್ಲಿ ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್. ನೋಟಕ್ಕೆ ಪ್ಲಾಸ್ಟಿಕ್ಕಿನಂತಿದ್ದರೂ ಅದರ ಹುಟ್ಟು ಮರದ ತಿರುಳಿನಿಂದ. ಸಿಗಾರಿಗೆ ತೊಡಿಸುವ ಸಾದಾ ಹಾಳೆ ನೀರಾವಿಯನ್ನು ಪೂರ್ತಿ ತಡೆಯುವುದಿಲ್ಲ. ನಿಧಾನವಾಗಿ ಒಳಬಿಡುತ್ತದೆ, ಹೊರಬಿಡುತ್ತದೆ. ಆದ್ದರಿಂದ ಹಾಳೆಯೊಳಗೆ ಸಿಗಾರು ಉಸಿರುಗಟ್ಟುತ್ತದೆ ಎಂಬ ಮಾತೂ, ಹಾಳೆಯೊಂದಿದ್ದರೆ ಸಾಕು, ಅದು ಒಣಗದು ಎಂಬ ಮಾತೂ ಸಲ್ಲವು.

ಬಿಚ್ಚಬೇಕೆನ್ನುವವರ ಪಕ್ಷದಲ್ಲಿ ತಿರುಳಿದೆ. ಹೊಗೆಸೊಪ್ಪು ಹದಗೊಂಡ ಮೇಲೂ ಮಾಗುತ್ತಲೇ ಇರುತ್ತದೆ. ಅದರೊಳಗಿನ ಘಾಟು ವರ್ಷಗಳಲ್ಲಿ ಇಳಿಯುತ್ತದೆ. ಬರಿಮೈಯ ಸಿಗಾರುಗಳು ಒಂದರ ಕಂಪನ್ನು ಒಂದು ಪಡೆದು, ಪೆಟ್ಟಿಗೆಯ ಮರದ ಕಂಪನ್ನೂ ಹೀರುತ್ತವೆ. ಆ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂದು ಹೆಸರು; ಅದು ಸ್ಪೇನಿನದೂ ಅಲ್ಲ, ದೇವದಾರುವೂ ಅಲ್ಲ. ಅಮೆರಿಕ ಖಂಡದ ಉಷ್ಣವಲಯದ ಈ ಮರ ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು.

ಬಿಚ್ಚಬಾರದೆನ್ನುವವರೂ ಬರಿಗೈಯವರಲ್ಲ. ಹೊರ ಎಲೆ ಬಹು ನಾಜೂಕು. ಬೆರಳು ತಗುಲಿ, ಒಂದಕ್ಕೊಂದು ಉಜ್ಜಿ ಸೀಳುತ್ತದೆ. ಬೇರೆ ಬೇರೆ ಬಗೆಯವನ್ನು ಕೂಡಿಟ್ಟರೆ ಕಂಪು ಕಲಬೆರಕೆಯಾಗುತ್ತದೆ. ಇನ್ನು ಹೊಗೆಸೊಪ್ಪಿನ ದುಂಬಿಯ ಕಾಟ: ಸೆಕೆ ಏರಿದಾಗ ಎಲೆಯೊಳಗಿನ ಮೊಟ್ಟೆ ಒಡೆದು ಮರಿಹುಳು ಸುರಂಗ ಕೊರೆಯುತ್ತದೆ. ಇದೇ ಕೀಟ ಮಸಾಲೆಯ ಡಬ್ಬಿಗೂ, ನಮ್ಮಂಥವರ ಪುಸ್ತಕದ ಕಪಾಟಿಗೂ ನುಗ್ಗುವುದುಂಟು. ಹಾಳೆ ಅದಕ್ಕೆ ಕೋಟೆಯಲ್ಲ. ಹರಡುವಿಕೆಗೆ ತುಸು ಅಡ್ಡಿ, ಅಷ್ಟೆ.

ಎರಡು ಪಕ್ಷವೂ ಒಪ್ಪುವ ಸಂಗತಿಯೊಂದಿದೆ. ಪೆಟ್ಟಿಗೆಯೊಳಗಿನ ಗಾಳಿಯ ತೇವ ನೂರಕ್ಕೆ 65ರಿಂದ 70ರಷ್ಟಿರಬೇಕು. ಕಲಬುರಗಿಯ ಬೇಸಿಗೆಗೆ ಸಿಗಾರು ತರಗೆಲೆಯಾದೀತು, ಮಂಗಳೂರಿನ ಮಳೆಗಾಲಕ್ಕೆ ಬೂಸಲು ಹಿಡಿದೀತು. ಮನೆ ಸರಿಯಿಲ್ಲದಿರುವಾಗ ಅಂಗಿಯ ಚರ್ಚೆ ವ್ಯರ್ಥ.

ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ನನ್ನ ಗೆಳೆಯರು ತೀರಿಕೊಂಡ ಮೇಲೆ ಅವರ ಮಗಳು ಹನ್ನೊಂದು ಸಿಗಾರುಗಳ ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟು, “ಮಾಮ, ಇವುಗಳ ಹಾಳೆ ಬಿಚ್ಚಿಬಿಡಲೆ? ಹಳದಿಯಾಗಿ ಕೊಳಕು ಕಾಣುತ್ತವೆ” ಎಂದಳು. ಅದು ಕೊಳಕಲ್ಲ. ಎಲೆಯ ಎಣ್ಣೆ ಕಾಲಕ್ರಮದಲ್ಲಿ ಸೆಲೋಫೇನಿಗೆ ಇಳಿದು ಅದನ್ನು ಚಹದ ಬಣ್ಣಕ್ಕೆ ತಿರುಗಿಸುತ್ತದೆ. ಕೆಲವು ಹಾಳೆ ಗಾಢವಾಗಿದ್ದವು, ಕೆಲವು ಇನ್ನೂ ತಿಳಿಯಾಗಿದ್ದವು. ಗೆಳೆಯರು ಯಾವುದನ್ನು ಮೊದಲು ತಂದರು, ಯಾವುದನ್ನು ಕಡೆಗೆ ತಂದರು ಎಂಬ ದಿನಚರಿ ಅಲ್ಲಿ ಅಕ್ಷರವಿಲ್ಲದೆ ಬರೆದಿತ್ತು. ಬಿಚ್ಚಿದರೆ ಅಳಿಯುವುದು ಅದೇ.

ನನ್ನ ತೀರ್ಮಾನವಿಷ್ಟು. ಒಂದೇ ಬಗೆಯವನ್ನು ತೇವ ಕಾಯ್ದ ಪೆಟ್ಟಿಗೆಯಲ್ಲಿ, ಕೈಯಾಡಿಸದೆ, ವರ್ಷಗಟ್ಟಲೆ ಮಾಗಿಸುವವನು ಬಿಚ್ಚಲಿ. ಹಲವು ಬಗೆಯವನ್ನು ಒಟ್ಟಿಗಿಡುವವನು, ಪಯಣದಲ್ಲಿ ಒಯ್ಯುವವನು, ಆಗಾಗ ತೆಗೆದು ತೋರಿಸುವವನು ಹಾಳೆಯನ್ನು ಉಳಿಸಲಿ. ಮಾಗಿಸಲು ಇಡುವುದು ಬೇರೆ, ಉಳಿಸಲು ಇಡುವುದು ಬೇರೆ. ಯಾವುದಕ್ಕಾಗಿ ಇಡುತ್ತೇವೆಂಬುದು ಮೊದಲು ತಿಳಿದಿರಬೇಕು. ಗೆಳೆಯರ ಮಗಳಿಗೆ ಬೇಕಿದ್ದುದು ಉಳಿಸುವುದು. ಆದ್ದರಿಂದ, ಹಾಳೆ ಹಾಗೆಯೇ ಇರಲಿ ತಾಯಿ, ಪೆಟ್ಟಿಗೆಯ ತೇವವನ್ನು ಮಾತ್ರ ನೋಡಿಕೊ ಎಂದೆ.