ಹಳೆಯ ಮೋಟಾರಿನ ಬೀಸಣಿಗೆ

ಫೋರ್ಡ್ ಕಂಪೆನಿಯು 1927ರ ಡಿಸೆಂಬರಿನಲ್ಲಿ ಜನರ ಮುಂದಿಟ್ಟ ‘ಮಾಡೆಲ್ ಎ’ ಮೋಟಾರನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರುಂಟು. ಅದರ ಮೂಲ ಬೀಸಣಿಗೆಯನ್ನು ನಾವು ಪರೀಕ್ಷಿಸಿದರೆ, ಅದು ಎರಕದ್ದಲ್ಲ, ಉಕ್ಕಿನ ತಗಡುಗಳನ್ನು ಒತ್ತಿ ಬೆಸೆದು ಮಾಡಿದ ಎರಡಲಗಿನ ಸಾಧನ, ಒಡಲು ಟೊಳ್ಳು. ಒಳಸೇರಿದ ತೇವವು ಅಲ್ಲಿಯೇ ತುಕ್ಕು ಹಿಡಿಸುತ್ತದೆ; ಹೊರಗಣ ಬಣ್ಣವು ಅದನ್ನು ಮರೆಮಾಡುತ್ತದೆ. ತಿರುಗುವ ವೇಗವು ಇಮ್ಮಡಿಯಾದರೆ ಅಲಗನ್ನು ಹೊರಕ್ಕೆಳೆಯುವ ಬಲವು ನಾಲ್ಮಡಿಯಾಗುತ್ತದೆ. ಆಗ ಬುಡದಲ್ಲಿನ ಕೂದಲೆಳೆಯಷ್ಟು ಬಿರುಕು ಬೆಳೆದು, ಅಲಗು ಕಿತ್ತು, ರೇಡಿಯೇಟರನ್ನೋ ಬಾನೆಟ್ಟನ್ನೋ ಸೀಳಿಕೊಂಡು ಹಾರಬಹುದು. ಬಳಿಯಲ್ಲಿ ಬಗ್ಗಿ ನಿಂತವನ ಪ್ರಾಣಕ್ಕೂ ಅಪಾಯವುಂಟು. ಬಿರುಕಿಗೆ ಬೆಸುಗೆಯ ತೇಪೆ ಹಾಕುವುದು ತಕ್ಕ ಉಪಾಯವಲ್ಲ. ಆದುದರಿಂದ ಪ್ರಾಚೀನತೆಯ ಮೋಹವನ್ನು ಇದೊಂದರಲ್ಲಿ ತೊರೆದು, ನಾವು ಅಲ್ಯೂಮಿನಿಯಂ ಎರಕದ ಹೊಸ ಬೀಸಣಿಗೆಯನ್ನು ಹಾಕಿಸುವುದೇ ಲೇಸು. ಹಳೆಯದು ಗೋಡೆಗೆ ಅಲಂಕಾರವಾಗಿರಲಿ.